ಎರವಲು ಕೋಟು

"ನಿನ್ನೆ ಗಂಡನ್ನ ಮಣ್ಣಿಗಿಟ್ಟು ಇವತ್ತು ಒಲೆ ಹಚ್ಚೋಕೆ ಬಂದವ್ಳೆ ನೋಡ್ರೇ. ಕಳ್ಳನ ಹೆಂಡ್ತಿ ಮುಂಡೆಗೆ ನಾಚ್ಕೆ ಎಲ್ಲಿಂದ ಬರ್ಬೇಕು?"

ಸೀಮೆಎಣ್ಣೆ ಗಾಡಿಯ ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದ ಕೊಂಚೆತ್ತಾ ಹೇಳಿದಳು. ಹೇಳಿದ್ದು ತನ್ನ ಹಿಂದಿನವಳಿಗೆ. ಕೇಳಬೇಕಾದದ್ದು ನಾನು.

ಸಾವಾದ ಮನೆಯಲ್ಲಿ ಮೂರು ದಿನ ಒಲೆ ಹಚ್ಚುವುದಿಲ್ಲ. ನೆರೆಯವರು ಸಾರು, ರೊಟ್ಟಿ ತಂದುಕೊಡುತ್ತಾರೆ. ನಮ್ಮ ಬಾಗಿಲಿಗೆ ಯಾರೂ ಬಂದಿರಲಿಲ್ಲ. ಕಣ್ಣು ಕಾಣದ ನನ್ನ ಅತ್ತೆ ಹಿಂದಿನ ದಿನದಿಂದ ನೀರು ಕುಡಿದುಕೊಂಡು ಕೂತಿದ್ದರು.

"ನಿಮ್ಮನೆಯಿಂದ ಸಾರು ಬರುತ್ತೆ ಅಂತ ಕಾದೆ, ಕೊಂಚೆತ್ತಕ್ಕ. ಬರಲಿಲ್ಲ," ಎಂದೆ.

"ಓದಿದ ಬಾಯಿ ನೋಡು! ಯೂನಿವರ್ಸಿಟಿ ಮೆಟ್ಲು ಹತ್ತಿ ಕೊನೆಗೆ ಇಂಗ್ಲಿಷರ ಎಂಜಲು ತಟ್ಟೆ ಎತ್ತೋನನ್ನ ಕಟ್ಕೊಂಡ್ಳು. ಈ ಬಂದರಿನೋರೇ ಹಿಂಗೆ. ಬಾಂಬಿಗೆ ಹೆದರ್ಕೊಂಡು ನಮ್ಮೂರಿಗೆ ಓಡ್ಬರ್ತವೆ, ನಮ್ಮ ಎಣ್ಣೆ ಕುಡೀತವೆ."

ಗಾಡಿಯವನು ಅಳತೆ ಡಬ್ಬಿಯಲ್ಲಿ ಅರ್ಧ ಮಾತ್ರ ತುಂಬಿ ನನ್ನ ಬಾಟಲಿಗೆ ಸುರಿದ. "ಸಾಕು, ಹೋಗಮ್ಮ. ಹಡಗಿಂದ ಎತ್ಕೊಂಡ್ ಬಂದಿರೋದು ಇನ್ನೂ ಇರುತ್ತಲ್ಲ ಮನೇಲಿ."

ಸಾಲು ನಕ್ಕಿತು. ಆ ಚಳಿಗಾಲದಲ್ಲಿ ಬಿರ್ಕಿರ್ಕಾರಾ ಊರಿನ ಜನ ನಕ್ಕಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ನನ್ನ ಗಂಡ ವಿಸ್ತಿನ್ ಇಂಗ್ಲಿಷರ ಒಂದು ಯುದ್ಧನೌಕೆಯಲ್ಲಿ ಸ್ಟೀವರ್ಡ್ ಆಗಿದ್ದ. ಆಫೀಸರುಗಳಿಗೆ ಬಡಿಸುವುದು, ಹಾಸಿಗೆ ಹಾಸುವುದು, ಬೂಟು ಉಜ್ಜುವುದು. ನಮ್ಮ ಮಾಲ್ಟಾ ದ್ವೀಪದ ಹುಡುಗರಿಗೆ ಅವರ ಹಡಗಿನಲ್ಲಿ ಇದ್ದ ಕೆಲಸ ಹೆಚ್ಚುಕಡಿಮೆ ಅಷ್ಟೇ. ಸಿಸಿಲಿಯ ಹತ್ತಿರ ಹಡಗಿಗೆ ಟಾರ್ಪೆಡೊ ಬಿತ್ತು. ಮೂರು ಗಂಟೆ ನೀರಿನಲ್ಲಿದ್ದವನನ್ನು ಆಸ್ಪತ್ರೆಗೆ ತಂದರು. ಎರಡು ದಿನ ಬದುಕಿದ. ತಂದಾಗ ಅವನ ಮೈಮೇಲೆ ಅದೇ ಹಡಗಿನ ಲೆಫ್ಟಿನೆಂಟ್ ಹ್ಯಾಲೆಟ್‌ರ ಕೋಟು ಇತ್ತು. ತೋಳಿಗೆ ಎರಡು ಚಿನ್ನದ ಪಟ್ಟಿ, ಕೊರಳಿನ ಒಳಗೆ ಹೆಸರು ಹೊಲಿದ ಬಟ್ಟೆ, ಮೈಯೆಲ್ಲ ಹಡಗಿನ ಎಣ್ಣೆ.

ಕೋಟು ಎಲ್ಲಿಂದ ಬಂತು ಎಂದು ಕೇಳಲು ನೌಕಾಪಡೆಯ ಒಬ್ಬ ಗುಮಾಸ್ತ ಹಾಸಿಗೆಯ ಬಳಿ ಬಂದಾಗ ನಾನು ಅಲ್ಲೇ ಇದ್ದೆ. ವಿಸ್ತಿನ್ ಇಂಗ್ಲಿಷಿನಲ್ಲಿ ಉತ್ತರಿಸಿದ: "ಲೆಫ್ಟಿನೆಂಟ್ ಹ್ಯಾಲೆಟ್‌ರಿಂದ ತಗೊಂಡೆ, ಸರ್."

ಅವನಿಗೆ ಇಂಗ್ಲಿಷ್ ಕಲಿಸಿದವಳು ನಾನು. ಅಡುಗೆಮನೆಯ ಮೇಜಿನ ಮೇಲೆ, ಎರಡು ವರ್ಷ. ಭೂತಕಾಲ ಅವನಿಗೆ ಯಾವಾಗಲೂ ತಪ್ಪುತ್ತಿತ್ತು. ಆ ದಿನ ತಪ್ಪಲಿಲ್ಲ. ನನಗೆ ಖುಷಿಯಾಯಿತು. ಅವನ ಕೈ ಅದುಮಿದೆ.

ನಮ್ಮ ಮಾತಿನಲ್ಲಿ, ಯಾರಾದರೂ ಕೊಟ್ಟದ್ದನ್ನು ಪಡೆದರೂ 'ತಗೊಂಡೆ', ನಾವೇ ಕೈಹಾಕಿ ಎತ್ತಿಕೊಂಡರೂ 'ತಗೊಂಡೆ'. ಇಂಗ್ಲಿಷಿನಲ್ಲಿ ಅದಕ್ಕೆ ಎರಡು ಬೇರೆ ಬೇರೆ ಪದಗಳಿವೆ. ನಾನು ಅವನಿಗೆ ಕಲಿಸಿದ್ದು ಒಂದನ್ನೇ, ಎತ್ತಿಕೊಂಡದ್ದಕ್ಕೆ ಹೇಳುವುದನ್ನು.

ಗುಮಾಸ್ತ ಬರೆದುಕೊಂಡ. ವಿಸ್ತಿನ್ ಸಹಿ ಹಾಕಿದ. ಮಾರನೆಯ ದಿನ ಸತ್ತ. ಶವಪೆಟ್ಟಿಗೆಗೆ ಬಾವುಟ ಹೊದಿಸಲಿಲ್ಲ. ಹೆಗಲು ಕೊಡಲು ಹಡಗಿನವರು ಯಾರೂ ಬರಲಿಲ್ಲ. ಕಾರಣ ಕೇಳಿದ್ದಕ್ಕೆ ನೌಕಾಪಡೆಯವರು ಆ ಕಾಗದ ತೋರಿಸಿದರು. ಮುಳುಗುವ ಹಡಗಿನಲ್ಲಿ ಆಫೀಸರರ ಕೋಣೆಗೆ ನುಗ್ಗಿ ಕೋಟು ಕದ್ದವನು, ಸ್ವತಃ ಒಪ್ಪಿಕೊಂಡಿದ್ದಾನೆ ಎಂದರು.

ಕೋಟು ಮಾತ್ರ ನನ್ನ ಹತ್ತಿರವೇ ಉಳಿದಿತ್ತು. ಆಸ್ಪತ್ರೆಯ ಆಳು ಗೊತ್ತಿಲ್ಲದೆ ಅವನ ಬಟ್ಟೆಗಳ ಜೊತೆ ಗಂಟು ಕಟ್ಟಿ ಕೊಟ್ಟಿದ್ದ.

ಸೀಮೆಎಣ್ಣೆ ಹಿಡಿದು ಮನೆಗೆ ಬಂದರೆ ಬಾಗಿಲಲ್ಲಿ ನೌಕಾಪಡೆಯ ಒಬ್ಬ ಇಂಗ್ಲಿಷ್ ಸಾರ್ಜೆಂಟ್ ನಿಂತಿದ್ದ. ಟೋಪಿ ತೆಗೆಯಲಿಲ್ಲ.

"ಕೋಟು ನಿನ್ನ ಹತ್ತಿರ ಇದೆಯಾ?"

"ಇದೆ."

"ಶುಕ್ರವಾರದೊಳಗೆ ಸ್ಲೀಮಾದ ಆಫೀಸರುಗಳ ಮೆಸ್ಸಿಗೆ ತಲುಪಬೇಕು. ಹಿಂಬಾಗಿಲಿಗೆ ತಾ. ಎಣ್ಣೆ ತೆಗೆದು, ಇಸ್ತ್ರಿ ಮಾಡಿ. ಲೆಫ್ಟಿನೆಂಟರಿಗೆ ಬಡ್ತಿ ಆಗಿದೆ. ತೋಳಿಗೆ ಇನ್ನೊಂದು ಪಟ್ಟಿ ಹೊಲಿಸಬೇಕು."

"ಇದು ಹಡಗಿನ ಎಂಜಿನ್ನಿನ ಎಣ್ಣೆ. ನೀರಿಗೆ ಹೋಗುವುದಿಲ್ಲ. ಸೋಪು ಎಲ್ಲೂ ಸಿಗುತ್ತಿಲ್ಲ."

"ಸ್ಟೀವರ್ಡನ ಹೆಂಡತಿ ನೀನು. ಒಗೆಯೋದು ಹೇಗೆ ಅಂತ ನಾನು ಹೇಳಿಕೊಡಬೇಕಾ?"

ಅವನು ಹೋದ ಮೇಲೆ ಅತ್ತೆ ಒಳಗಿನಿಂದ ಕೇಳಿದರು, "ಯಾರೇ ಅದು? ದುನ್ ಆಂಜ್ಲು ಕಳಿಸಿದ್ರಾ? ಭಾನುವಾರ ನನ್ ಮಗನ ಹೆಸರು ಓದ್ತಾರಂತಾ?"

ದುನ್ ಆಂಜ್ಲು ನಮ್ಮ ಪಾದ್ರಿ. ಯುದ್ಧದಲ್ಲಿ ಸತ್ತವರ ಹೆಸರುಗಳನ್ನು ಪ್ರತಿ ಭಾನುವಾರ ಪೂಜೆಯಲ್ಲಿ ಓದುತ್ತಿದ್ದರು. ಹೆಸರು ಕೇಳಿದ ಕೂಡಲೇ ಇಡೀ ಊರು ಒಟ್ಟಿಗೆ ಪ್ರಾರ್ಥಿಸುತ್ತಿತ್ತು. ಅತ್ತೆಗೆ ಬೇಕಾಗಿದ್ದದ್ದು ಅಷ್ಟೇ. ಕೋಟನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು. ಮಗನ ಮೈ ಮುಟ್ಟಿದ ಕೊನೆಯ ಬಟ್ಟೆ. ಬೆರಳೆಲ್ಲ ಕಪ್ಪಾಗಿತ್ತು.

ಬಾಟಲಿಯಲ್ಲಿದ್ದ ಸೀಮೆಎಣ್ಣೆ ಕೋಟಿನ ಕಲೆ ತೆಗೆಯಲು ಸಾಕಾಗುತ್ತಿತ್ತು, ಇಲ್ಲವೇ ಒಂದು ಪಾತ್ರೆ ಸಾರಿಗೆ. ನಾನು ಒಲೆ ಹಚ್ಚಿದೆ.

ಮಧ್ಯಾಹ್ನ ಚೆನ್ಸು ಬಂದ. ವಿಸ್ತಿನ್ ಜೊತೆ ಅದೇ ಹಡಗಿನಲ್ಲಿ ಸ್ಟೀವರ್ಡ್ ಆಗಿದ್ದವನು, ನಮ್ಮ ಬಂದರಿನವನೇ. ಒಳಗೆ ಬರಲಿಲ್ಲ. ಹೊಸ್ತಿಲ ಮೇಲೆ ಕೂತು ಬೀದಿಯ ಕಡೆ ನೋಡುತ್ತಾ ಮಾತಾಡಿದ.

"ಕದ್ದಿಲ್ಲ ತಂಗಿ. ನನ್ ಕಣ್ಣೆದುರೇ ನಡೆದಿದ್ದು. ಬೆಳಗಾಗ್ತಾ ಇತ್ತು. ಗಾಳಿ ಹಲ್ಲು ಉದುರಿಸೋ ಹಂಗಿತ್ತು. ಆ ಹ್ಯಾಲೆಟ್ ಸೂಳೆಮಗ ಹಡಗಿನ ಮೇಲಟ್ಟದಲ್ಲಿ ನಿಂತ್ಕೊಂಡು ಕೋಕೋ ತಾ, ಕೋಕೋ ತಾ ಅಂತಿದ್ದ. ವಿಸ್ತಿನ್ ನಾಕು ಸಲ ಹತ್ತಿಳಿದ. ಮೈಮೇಲೆ ಬರೀ ಬಿಳೀ ಜಾಕೀಟು. ನಮಗೆಲ್ಲಿ ಕೋಟು ಕೊಡ್ತಾರೆ? ನಾವು ಒಳಗಿನ ಕೆಲಸದೋರಂತೆ. ಐದನೇ ಸಲ ಕೈ ನಡುಗಿ ಚೆಲ್ಲಿಬಿಟ್ಟ. ಹ್ಯಾಲೆಟ್ ಎರಡು ಕೋಟು ಹಾಕಿದ್ದ. ಮೇಲಿನದನ್ನ ಬಿಚ್ಚಿ ಇವನ ಮುಖಕ್ಕೆ ಎಸೆದ. 'ಹಾಕ್ಕೋ ಕತ್ತೆ, ನೀನು ನಡುಗಿದ್ರೆ ನನ್ನ ಕೋಕೋ ಚೆಲ್ಲುತ್ತೆ. ಆಮೇಲೆ ವಾಪಸ್ ಕೊಡು' ಅಂದ."

"ಆಮೇಲೆ?"

"ಆಮೇಲೇನು, ಟಾರ್ಪೆಡೊ. ನೀರೆಲ್ಲ ಎಣ್ಣೆ. ಎಲ್ಲರ ಮುಖಾನೂ ಒಂದೇ ಥರ ಕರ್ರಗೆ. ದೋಣಿಯೋರು ವಿಸ್ತಿನ್ ತೋಳಿನ ಪಟ್ಟಿ ಕಂಡು 'ಆಫೀಸರ್! ಆಫೀಸರ್!' ಅಂತ ಕೂಗ್ಕೊಂಡು ನಮ್ಮನ್ನೆಲ್ಲ ಬಿಟ್ಟು ಅವನನ್ನ ಎಳ್ಕೊಂಡ್ರು. ಕಂಬಳಿ ಹೊದಿಸಿದ್ರು. ಒಬ್ಬ ಮುಖ ಒರೆಸ್ದ. ವಿಸ್ತಿನ್ ನಮ್ ಮಾತಲ್ಲಿ 'ಅವ್ವಾ' ಅಂದ. ಅಷ್ಟೇ. 'ಥೂ, ಮಾಲ್ಟಾದೋನು ಕಣ್ರೋ' ಅಂದ್ರು. ದೋಣಿ ತುಂಬೋಗಿದೆ, ಆಫೀಸರ್‌ಗಳಿಗೆ ಜಾಗ ಬೇಕು ಅಂತ ಹಿಡ್ಕೊಂಡು ಮತ್ತೆ ನೀರಿಗಿಳಿಸಿದ್ರು."

"ಕಂಬಳಿ?"

"ಅದನ್ನ ಕಿತ್ಕೊಂಡ್ರು. ಹಗ್ಗ ಕೊಟ್ರು, ಹಿಡ್ಕೊಂಡು ತೇಲು ಅಂತ. ನಾನು ಈ ಕಡೆ ಹಗ್ಗಕ್ಕೆ, ಅವನು ಆ ಕಡೆ ಹಗ್ಗಕ್ಕೆ. ನೀರಿಗಿಂತ ಜಾಸ್ತಿ ಎಣ್ಣೆ ಕುಡ್ದ."

"ಹ್ಯಾಲೆಟ್ ಎಲ್ಲಿದ್ದ?"

ಚೆನ್ಸು ಉಗಿದ. "ದೋಣಿ ಒಳಗೆ. ವಿಸ್ತಿನ್ ತಲೆ ಮೇಲೇನೇ ಕೂತಿದ್ದ. ನೋಡ್ತಿದ್ದ."

"ಇದನ್ನು ನೀನು ಅವರ ಮುಂದೆ ಹೇಳು, ಚೆನ್ಸು."

"ಪಟ್ಟಿ ಇರೋ ಕೋಟನ್ನ ಸ್ಟೀವರ್ಡಿಗೆ ಹಾಕ್ಸೋದು ಅವರಲ್ಲಿ ತಪ್ಪು. ಹ್ಯಾಲೆಟ್ ಹೂಂ ಅಂದ್ರೆ ಅವನ ಬಡ್ತಿ ಹೋಗುತ್ತೆ. ನಾನು ಹೂಂ ಅಂದ್ರೆ ನನ್ನನ್ನ ಮುಂದಿನ ಹಡಗಿಗೇ ಹಾಕ್ತಾರೆ. ಈಗ ನೆಲದ ಮೇಲಿದೀನಿ. ಸ್ಲೀಮಾದ ಮೆಸ್ಸಲ್ಲಿ, ಬಾಗ್ಲಲ್ಲಿ ನಿಂತು ಅವರಿಗೆ ಕೋಟು ತೊಡಿಸೋ ಕೆಲಸ. ಐದು ಮಕ್ಕಳು ತಂಗಿ ನಂಗೆ."

ಅವನಿಗೂ ಒಂದು ಬಟ್ಟಲು ಸಾರು ಕೊಟ್ಟೆ. ಕುಡಿದು, ಬಟ್ಟಲನ್ನು ಹೊಸ್ತಿಲ ಮೇಲಿಟ್ಟು ಹೋದ.

ಸಂಜೆ ನಾನು ಹೋದಾಗ ದುನ್ ಆಂಜ್ಲು ಇಗರ್ಜಿಯ ಹಿಂದಿನ ಕೋಣೆಯಲ್ಲಿ ಮೇಣದಬತ್ತಿಯ ತುಂಡುಗಳನ್ನು ಆರಿಸುತ್ತಿದ್ದರು. ನನ್ನನ್ನು ಕೂರಲು ಹೇಳಲಿಲ್ಲ.

"ದೇವರ ಹತ್ತು ಕಟ್ಟಳೆಗಳಲ್ಲಿ ಏಳನೇದು ಏನು ಮಗಳೇ?"

"ಕದಿಯಬಾರದು. ಅವನು ಕದ್ದಿಲ್ಲ, ಫಾದರ್. ಅದು ಎರವಲು ಕೊಟ್ಟದ್ದು."

"ನಾನು ಸುಮ್ಮನೆ ಕೂತಿಲ್ಲ. ಜನ ಕಳಿಸಿ ಲೆಫ್ಟಿನೆಂಟರನ್ನ ಕೇಳಿಸಿದೆ. ಕೊಟ್ಟ ನೆನಪಿಲ್ಲವಂತೆ. ದೊಡ್ಡ ಮನಸ್ಸಿನೋರು. ಸತ್ತವನ ಮೇಲೆ ಏನು ದೂರು, ಬಿಟ್ಟುಬಿಡಿ ಅಂದ್ರಂತೆ."

"ಹೆಸರು ಓದಿ, ಸಾಕು. ಅತ್ತೆ ಕಾಯ್ತಿದ್ದಾರೆ."

"ಆ ಹೆಸರುಗಳ ಪಟ್ಟಿಯಲ್ಲಿ ಕೊಂಚೆತ್ತಾಳ ಮಗ ಇದ್ದಾನೆ. ಫಿರಂಗಿ ಪಕ್ಕದಲ್ಲೇ ಸತ್ತ ಹುಡುಗ. ಅವನ ಹೆಸರಿನ ಪಕ್ಕ ಕಳ್ಳನ ಹೆಸರು ಇಟ್ಟರೆ ಅವಳು ನನ್ನ ಮುಖಕ್ಕೆ ಉಗಿಯಲ್ವಾ? ಲೆಫ್ಟಿನೆಂಟರು ನನ್ನದೇ ಕೋಟು, ನಾನೇ ಕೊಟ್ಟೆ ಅಂತ ಒಂದು ಮಾತು ಹೇಳಲಿ. ಓದ್ತೀನಿ." ಒಂದು ತುಂಡು ಬತ್ತಿಯನ್ನು ಬೆಳಕಿಗೆ ಹಿಡಿದು ನೋಡಿದರು. "ಕೋಟನ್ನ ಚೆನ್ನಾಗಿ ಒಗೆದುಕೊಡು. ಅವರ ಮನಸ್ಸು ಕರಗಬಹುದು."

ಶುಕ್ರವಾರ ಬೆಳಿಗ್ಗೆ ಅತ್ತೆಯ ಮಡಿಲಿನಿಂದ ಕೋಟು ಎತ್ತಿಕೊಂಡೆ. ಅವರು ಬಿಡಲಿಲ್ಲ. ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

"ಎಲ್ಲಿಗೆ ಒಯ್ತೀಯೇ?"

"ಕೊಟ್ಟವರಿಗೆ ಕೊಡೋಕೆ."

ಕೋಟನ್ನು ಒಗೆದಿರಲಿಲ್ಲ. ಆ ಎಣ್ಣೆ ಒಣಗುವುದೂ ಇಲ್ಲ. ಜೇನಿನ ಹಾಗೆ ಮಡಿಕೆಗಳಲ್ಲಿ ಕೂತಿತ್ತು, ಒಳತೋಳುಗಳಲ್ಲಿ ಇನ್ನೂ ಹೆಚ್ಚು. ಸ್ಲೀಮಾದವರೆಗೆ ನಡೆದೆ. ನಡುವೆ ಒಮ್ಮೆ ಸೈರನ್ ಕೂಗಿತು. ಎಲ್ಲರೂ ಬಂಡೆಯೊಳಗಿನ ಸುರಂಗಕ್ಕೆ ಓಡಿದರು. ನಾನು ನಡೆಯುತ್ತಲೇ ಇದ್ದೆ. ಧೈರ್ಯ ಎಂದು ಹೇಳಲಾರೆ. ಓಡಬೇಕು ಎಂದು ಅನಿಸಲಿಲ್ಲ.

ಮೆಸ್ಸು ಕಡಲಿಗೆ ಮುಖ ಮಾಡಿದ ದೊಡ್ಡ ಮನೆ. ಹಿಂಬಾಗಿಲಲ್ಲಿ ಹೆಸರು ಹೇಳಿದೆ. ಅಡುಗೆಯವರೆಲ್ಲ ನಮ್ಮವರೇ. ಕೋಟು ನೋಡಿ ಕೈಯಲ್ಲಿದ್ದ ಕೆಲಸ ನಿಲ್ಲಿಸಿದರು. ಒಬ್ಬ ಅದನ್ನು ಇಸಿದುಕೊಳ್ಳಲು ಕೈಚಾಚಿದ. ಕೊಡದೆ ಒಳಗೆ ನಡೆದೆ. ಯಾರೂ ತಡೆಯಲಿಲ್ಲ.

ಮುಂದಿನ ಹಜಾರದಲ್ಲಿ ಚೆನ್ಸು ನಿಂತಿದ್ದ. ಬಿಳೀ ಜಾಕೀಟು. ಪಕ್ಕದ ಗೂಟಗಳಲ್ಲಿ ಏಳೆಂಟು ಕೋಟುಗಳು. ಊಟ ಮುಗಿದು ಕುರ್ಚಿ ಸರಿಯುವ ಸದ್ದು ಕೇಳುತ್ತಿತ್ತು.

"ಹುಚ್ಚಿ, ಇಲ್ಲಿಗ್ಯಾಕೆ ಬಂದೆ? ಅದನ್ನ ಅಡುಗೆಮನೇಲಿ ಬಿಸಾಕಿ ಹೋಗು," ಎಂದ ತುಟಿ ಅಲುಗಿಸದೆ.

ಬಾಗಿಲು ತೆರೆಯಿತು. ಮುಂದೆ ಕಮಾಂಡರ್, ಅವರ ಪಕ್ಕದಲ್ಲಿ ಹ್ಯಾಲೆಟ್. ನಾನು ಅವನನ್ನು ನೋಡಿದ್ದು ಅದೇ ಮೊದಲು. ನನ್ನ ವಯಸ್ಸಿನವನೇ. ಕೆನ್ನೆಯ ಮೇಲೆ ಕ್ಷೌರದ ಸಣ್ಣ ಗಾಯ. ಏನೋ ತಮಾಷೆ ಹೇಳುತ್ತಿದ್ದ. ಹಿಂದೆ ಐದಾರು ಜನ ನಗುತ್ತಾ ಬಂದರು.

ಮದುವೆಯಾದ ಹೊಸದರಲ್ಲಿ ವಿಸ್ತಿನ್ ನನ್ನ ಬೆನ್ನ ಹಿಂದೆ ನಿಂತು ಕೋಟು ತೊಡಿಸುವುದನ್ನು ಅಭ್ಯಾಸ ಮಾಡುತ್ತಿದ್ದ. ಕೊರಳಪಟ್ಟಿಯ ಎರಡು ತುದಿ ಹಿಡಿದು, ತೋಳಿನ ಬಾಯಿ ಸೊಂಟದ ಮಟ್ಟಕ್ಕೆ ಬರುವಂತೆ ಇಳಿಸಬೇಕು. "ಅವರು ಹಿಂದೆ ತಿರುಗಿ ನೋಡೋದೇ ಇಲ್ಲ ಜುದಿತ್ತಾ," ಎನ್ನುತ್ತಿದ್ದ. "ಸುಮ್ನೆ ಕೈ ಹಿಂದಕ್ಕೆ ಚಾಚ್ತಾರೆ. ಹಿಡಿದಿರೋನು ಯಾರು ಅಂತ ಅವರಿಗೆ ಗೊತ್ತೇ ಇರಲ್ಲ."

ಹ್ಯಾಲೆಟ್ ನಮಗೆ ಬೆನ್ನು ಮಾಡಿ, ಕಮಾಂಡರರ ಮುಖ ನೋಡುತ್ತಾ ತಮಾಷೆ ಮುಂದುವರಿಸಿದ. ಎರಡೂ ಕೈ ಹಿಂದಕ್ಕೆ ಚಾಚಿದ.

ಚೆನ್ಸುವಿನ ಕೈಯಲ್ಲಿ ಅವನ ಇನ್ನೊಂದು ಕೋಟು ಇತ್ತು. ಚೆನ್ಸು ನನ್ನನ್ನು ನೋಡಿದ. ನಂತರ ಒಂದು ಹೆಜ್ಜೆ ಪಕ್ಕಕ್ಕೆ ಸರಿದ.

ನಾನು ಹಿಡಿದೆ. ಹ್ಯಾಲೆಟ್‌ನ ಕೈ ತೋಳುಗಳೊಳಗೆ ಇಳಿಯಿತು. ಮೊಣಕೈ ಹತ್ತಿರ ಅಂಟಿತು. ಅವನು ಮಾತು ನಿಲ್ಲಿಸದೆ ಜೋರಾಗಿ ಒತ್ತಿದ. ನಾನು ಹೆಗಲಿಗೆ ಎತ್ತಿ ಕೂರಿಸಿ, ಕೊರಳಪಟ್ಟಿ ಸರಿಮಾಡಿದೆ. ಅಳತೆ ಸರಿಯಾಗಿತ್ತು.

"ಥ್ಯಾಂಕ್ಸ್," ಎಂದ, ಅಭ್ಯಾಸದಂತೆ.

ಆಗ ತೋಳುಗಳಿಂದ ಅವನ ಕೈಗಳು ಹೊರಬಂದವು. ಮಣಿಕಟ್ಟಿನಿಂದ ಬೆರಳ ತುದಿಯವರೆಗೆ ಕಪ್ಪು. ಅಂಗಿತೋಳಿನ ಬಿಳೀ ಅಂಚಿನ ಮೇಲೆ ಎಣ್ಣೆ ಹರಡುತ್ತಿತ್ತು. ನಗು ನಿಂತಿತು. ಹಡಗು ಮುಳುಗಿದ ದಿನದ ವಾಸನೆ ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಅವರ ಭಾಷೆಯಲ್ಲಿ, ಒಂದು ಪದವೂ ತಪ್ಪದೆ ಹೇಳಿದೆ:

"ನೀವು ನನ್ನ ಗಂಡ ವಿಸ್ತಿನ್ ಝಾಹ್ರಾನಿಗೆ ಎರವಲು ಕೊಟ್ಟಿದ್ದ ಕೋಟು, ಸರ್. ಆಮೇಲೆ ವಾಪಸ್ ಕೊಡು ಅಂದಿದ್ದಿರಂತೆ. ತಂದಿದ್ದೇನೆ."

"ಹ್ಯಾಲೆಟ್, ಈ ಕೋಟು ನೀನೇ ಕೊಟ್ಟದ್ದೇ?" ಎಂದರು ಕಮಾಂಡರ್.

ಹ್ಯಾಲೆಟ್ ಬಾಯಿ ತೆರೆದ. ತೋಳಿನ ಚಿನ್ನದ ಪಟ್ಟಿ ನೋಡಿಕೊಂಡ. ಕೋಟು ಬಿಚ್ಚಬೇಕೆಂದು ಹೆಗಲು ಕುಣಿಸಿದ. ಎಣ್ಣೆ ಬಿಡಲಿಲ್ಲ. ಆಗ ದಿನವೂ ಮಾಡುವಂತೆ ಬೆನ್ನು ತಿರುಗಿಸಿ, ಯಾರಾದರೂ ಬಂದು ಕಳಚಲಿ ಎಂದು ಎರಡೂ ಕೈ ಹಿಂದಕ್ಕೆ ಚಾಚಿ ನಿಂತ.

ಚೆನ್ಸು ಗೋಡೆ ನೋಡುತ್ತಿದ್ದ. ಅಡುಗೆಮನೆಯ ಬಾಗಿಲಲ್ಲಿ ನಾಲ್ವರು ಸ್ಟೀವರ್ಡುಗಳು ಬಂದು ನಿಂತಿದ್ದರು. ಯಾರೂ ಮುಂದೆ ಬರಲಿಲ್ಲ. ಹ್ಯಾಲೆಟ್ ಹಾಗೆಯೇ, ಕೈ ಹಿಂದಕ್ಕೆ ಚಾಚಿಕೊಂಡು, ಕಾಯುತ್ತಾ ನಿಂತಿದ್ದ.