ತಿಪ್ಪೆಯ ಕೆಳಗಿನ ರಾಗಿ

ಮೊದಲು ಎಲ್ಲೋ ಇಲಿ ಸತ್ತಿರಬೇಕು ಅಂದುಕೊಂಡಳು ಗುರುಬಸಮ್ಮ. ಅಟ್ಟ ಹುಡುಕಿಸಿದಳು, ಸೌದೆ ರಾಶಿ ಎತ್ತಿಸಿದಳು, ಕೊಟ್ಟಿಗೆಯ ಮೂಲೆ ಮೂಲೆ ಗುಡಿಸಿದಳು. ಇಲಿ ಸಿಗಲಿಲ್ಲ. ವಾಸನೆ ಮಾತ್ರ ದಿನದಿಂದ ದಿನಕ್ಕೆ ಗಟ್ಟಿಯಾಗುತ್ತಾ ಹೋಯಿತು.

ಕಾರ್ತಿಕದಲ್ಲಿ ಹಿಡಿದ ಜಡಿಮಳೆ ಮಾರ್ಗಶಿರ ಅರ್ಧ ಕಳೆದರೂ ಬಿಟ್ಟಿರಲಿಲ್ಲ. ಮದ್ರಾಸಿನ ಕಡೆ ಸಮುದ್ರದಲ್ಲಿ ತುಫಾನು ಎದ್ದಿದೆಯೆಂದು ಕೊಳ್ಳೇಗಾಲದ ಸಂತೆಗೆ ಹೋದವರು ಹೇಳಿಕೊಂಡು ಬಂದಿದ್ದರು. ಒಂದು ತುಫಾನು ಹೋಯಿತು ಎನ್ನುವಷ್ಟರಲ್ಲಿ ಇನ್ನೊಂದು. ಹನೂರಿನ ರಸ್ತೆಯಿಂದ ಅವಳ ಊರು ಗುಂಡೇಮಾಳಕ್ಕೆ ಒಡೆಯುವ ಗಾಡಿದಾರಿಯಲ್ಲಿ ಎತ್ತುಗಳು ಮಂಡಿಯವರೆಗೆ ಹೂತುಕೊಳ್ಳುತ್ತಿದ್ದವು. ಕೊಯ್ಲಿಗೆ ಬಂದಿದ್ದ ರಾಗಿ ಹೊಲದಲ್ಲೇ ಮಲಗಿ, ತೆನೆಯಲ್ಲೇ ಮೊಳಕೆ ಒಡೆದಿತ್ತು.

ಗುರುಬಸಮ್ಮನಿಗೆ ಮಳೆಯ ಭಯವಿರಲಿಲ್ಲ, ಅಸಹ್ಯವಿತ್ತು. ಮನೆಯಲ್ಲಿ ಒಣಗಿದ್ದು ಎಂಬುದೇ ಉಳಿದಿರಲಿಲ್ಲ. ಉಟ್ಟ ಸೀರೆ ಮೈಮೇಲೆಯೇ ಮುಗ್ಗುತ್ತಿತ್ತು. ಕೊರಳ ಶಿವದಾರ ಸದಾ ಒದ್ದೆಯಿದ್ದು ಕತ್ತಿನ ಸುತ್ತ ಕೆರೆತ ಎದ್ದಿತ್ತು. ಹಸಿ ಸೌದೆಯ ಹೊಗೆ ಕುಡಿದು ಮೂಗಿನಿಂದ ಕಪ್ಪು ಸಿಂಬಳ ಬರುತ್ತಿತ್ತು. ಕೊಟ್ಟಿಗೆ ಸೋರುತ್ತದೆಂದು ದನಗಳನ್ನೆಲ್ಲ ನಡುಮನೆಗೆ ತಂದು ಕಟ್ಟಿದ್ದರಿಂದ ಅವುಗಳ ಗಂಜಲ ಅಡುಗೆಮನೆಯ ಹೊಸಿಲು ಮುಟ್ಟುತ್ತಿತ್ತು. ಬೆಳಿಗ್ಗೆ ಎದ್ದು ಹಿಟ್ಟಿನ ಮಡಕೆಯ ಮುಚ್ಚಳ ಹಿಡಿದರೆ ಬೆರಳಿಗೆ ಎರೆಹುಳು ತಾಕುತ್ತಿತ್ತು. ಇವೆಲ್ಲ ಗುಡಿಸಿದರೆ, ಸಾರಿಸಿದರೆ ಹೋಗುವ ಹೇಸಿಗೆಗಳು. ಈ ವಾಸನೆ ಹಾಗಲ್ಲ. ಹುಳಿತ ಗಂಜಿಗೆ ಗಂಜಲ ಹುಯ್ದು ಬೆಚ್ಚಗೆ ಮುಚ್ಚಿಟ್ಟಂತಿತ್ತು.

ಮಳೆ ತುಸು ಬಿಡುವು ಕೊಟ್ಟ ಒಂದು ಬೆಳಿಗ್ಗೆ ಅವಳು ಹಿತ್ತಿಲಿಗೆ ಹೋಗಿ ನೋಡಿದಳು. ನೆರೆಮನೆಗಳ ತಿಪ್ಪೆಗಳಿಂದ ಕಂದು ನೀರು ಧಾರೆಯಾಗಿ ಓಣಿಗೆ ಹರಿಯುತ್ತಿತ್ತು. ತಮ್ಮ ಮನೆಯ ತಿಪ್ಪೆಯಿಂದ ಒಂದು ತೊಟ್ಟೂ ಹೊರಗೆ ಬರುತ್ತಿರಲಿಲ್ಲ. ತಿಪ್ಪೆಯ ನಡುಭಾಗ ಬಟ್ಟಲಿನಂತೆ ಕುಸಿದಿತ್ತು. ಅದರಲ್ಲಿ ನಿಂತ ನೀರು ಅವಳ ಕಣ್ಣೆದುರಿಗೇ ಗುಳುಗುಳು ಎಂದು ಒಳಕ್ಕೆ ಇಳಿಯುತ್ತಿತ್ತು.

ಇಲಿಯಲ್ಲ ಎಂಬುದು ಅವಳಿಗೆ ಆಗ ತಿಳಿಯಿತು. ತಿಪ್ಪೆಯ ಕೆಳಗೆ ಹಗೇವು ಇತ್ತು.

ಹಗೇವು ಎಂದರೆ ನೆಲದೊಳಗೆ ಹೂಜಿಯ ಆಕಾರಕ್ಕೆ ತೋಡಿದ ಕಣಜ. ಬಾಯಿ ಒಬ್ಬ ಆಳು ಇಳಿಯುವಷ್ಟು, ಹೊಟ್ಟೆ ದೊಡ್ಡದು. ರಾಗಿ ತುಂಬಿ ಬಾಯಿಗೆ ಹುಲ್ಲು ಗಿಡಿದು, ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡುವುದಿಲ್ಲ; ನೀರು ಮಾತ್ರ ಹೋಗಬಾರದು. ಅವಳ ಗಂಡ ಪುಟ್ಟಬಸಪ್ಪನಿಗೆ ಎರಡು ಹಗೇವುಗಳಿದ್ದವು. ಒಂದು ಗುಡಿಯ ಮುಂದೆ, ಊರಿಗೆಲ್ಲ ಕಾಣುವಂತೆ. ಇನ್ನೊಂದು ಹಿತ್ತಿಲಲ್ಲಿ. ಮಹಾಯುದ್ಧ ಮುಗಿದಿದ್ದರೂ ಲೆವಿ ಮುಗಿದಿರಲಿಲ್ಲ. ಎಕರೆಗೆ ಇಷ್ಟೆಂದು ರಾಗಿಯನ್ನು ಸರ್ಕಾರ ಕಟ್ಟಿದ ಬೆಲೆಗೆ ಅಳೆದು ಕೊಡಬೇಕಾಗಿತ್ತು. ಬೇಸಿಗೆಯಲ್ಲಿ ಅಧಿಕಾರಿಗಳು ಕಬ್ಬಿಣದ ಸಲಾಕೆ ಹಿಡಿದು, ನೆಲಕ್ಕೆ ಚುಚ್ಚಿ ಚುಚ್ಚಿ ನೋಡುತ್ತಾ ಬರುತ್ತಾರೆಂಬ ಸುದ್ದಿ ಕೇಳಿದೊಡನೆ ಪುಟ್ಟಬಸಪ್ಪ ಜೀತದಾಳು ಮುತ್ತಯ್ಯನನ್ನು ಕಟ್ಟಿಕೊಂಡು ಇಡೀ ತಿಪ್ಪೆಯನ್ನೇ ಎತ್ತಿ ಹಿತ್ತಿಲ ಹಗೇವಿನ ಮೇಲೆ ಹಾಕಿಸಿದ್ದ. ಬೂಟು ಹಾಕಿಕೊಂಡು ಬಂದಿದ್ದವರು ತಿಪ್ಪೆ ಹತ್ತಲಿಲ್ಲ. ಮೂಗು ಮುಚ್ಚಿಕೊಂಡು ದೂರದಿಂದಲೇ ನೋಡಿ ಹೋದರು. ಆ ವಾರವೆಲ್ಲ ಪುಟ್ಟಬಸಪ್ಪ ಉಣ್ಣುವಾಗಲೂ ಅದನ್ನು ನೆನೆದು ನಗುತ್ತಿದ್ದ.

ಗುರುಬಸಮ್ಮ ಒಳಗೆ ಬಂದಳು. ಗಂಡ ಕಂಬಳಿ ಹೊದ್ದು ಒಲೆಯ ಮುಂದೆ ಕೂತಿದ್ದ.

"ತಿಪ್ಪೆ ಕುಸ್ದದೆ. ನೀರೆಲ್ಲ ಒಳೀಕ್ಕೋಯ್ತಾ ಅದೆ."

"ಮೆಲ್ಲುಕ್ ಮಾತಾಡು. ಗೋಡೆ ಆಚೆ ಜನ ಅವ್ರೆ."

"ಗೋಡೆ ಆಚೆ ಜನಕ್ಕೆ ಮೂಗಿಲ್ವಾ? ಇವತ್ತೇ ತೆಗೀರಿ. ಅರ್ಧನಾದ್ರೂ ಉಳೀತದೆ."

"ಹಟ್ಟಿ ಜನವೆಲ್ಲ ನೋಡ್ತಾ ನಿಂತ್ಕತರೆ. ಬಿಸ್ಲು ಬರ್ಲಿ, ನೋಡವ. ಆಳುದ್ದ ಆಳ ಅದೆ ಅದು, ನೀರು ಅಲ್ಲೀಗಂಟ ಓಗಕಿಲ್ಲ."

ನೀರು ಅಲ್ಲಿಯವರೆಗೆ ಹೋಗಿತ್ತು. ಗೋಡೆಗೂ ನೊಣ ಮೆತ್ತಿಕೊಳ್ಳುವಷ್ಟು ವಾಸನೆ ಏರಿದ ಮೇಲೆ, ಒಂದು ಸಣ್ಣ ಬಿಸಿಲು ನೋಡಿಕೊಂಡು, ಪುಟ್ಟಬಸಪ್ಪ ಹೆಗಲ ವಲ್ಲಿಯನ್ನು ಮೂಗಿಗೆ ಕಟ್ಟಿಕೊಂಡು ಹಿತ್ತಿಲಿಗೆ ಇಳಿದ. ಮುತ್ತಯ್ಯ ಗೊಬ್ಬರ ಎಳೆದು ಪಕ್ಕಕ್ಕೆ ಹಾಕಿದ. ಚಪ್ಪಡಿ ಸರಿಸಿದಾಗ ಒಳಗಿನಿಂದ ಹಬೆ ಎದ್ದಿತು. ದೀಪವನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟರೆ ಅದು ಬಾಯಿಯಲ್ಲೇ ಆರಿಹೋಯಿತು. ಉಸಿರು ಕಟ್ಟಿಸುವ ಆ ಕಾವು ಹೋಗಲೆಂದು ಮರುದಿನದವರೆಗೆ ಹಾಗೇ ಬಿಟ್ಟರು.

ಮರುದಿನ ಒಳಗೆ ಇಳಿದ ಮುತ್ತಯ್ಯ ಮೊದಲ ಮಂಕರಿ ಮೇಲೆ ಕಳಿಸಿ ತಾನೂ ಮೇಲೆ ಬಂದು, ಬೇಲಿಯ ಬದಿಗೆ ಹೋಗಿ ವಾಂತಿ ಮಾಡಿಕೊಂಡ. ಮಂಕರಿಯಲ್ಲಿದ್ದುದು ರಾಗಿಯಲ್ಲ, ಕರಿಯ ಅಂಟು. ಅದರೊಳಗಿಂದ ಬಿಳಿಚಿದ ಮೊಳಕೆಗಳು ಹುಳುಗಳಂತೆ ಹೊರಗೆ ಚಾಚಿದ್ದವು. ಕೆಳಗಿನ ಪದರದಲ್ಲಿ ಕಾಳು ಕಾಳಾಗಿಯೇ ಇತ್ತು. ಆದರೆ ಬಣ್ಣ ಸತ್ತು, ಹಿಡಿದರೆ ಬೆರಳಿಗೆ ಲೋಳೆ ಹತ್ತುತ್ತಿತ್ತು. ಗೋಡೆಯ ಬದಿಯದು ಹೆಪ್ಪುಗಟ್ಟಿ, ಗುದ್ದಲಿಯಲ್ಲಿ ಒಡೆದು ತೆಗೆಯಬೇಕಾಯಿತು. ಗುರುಬಸಮ್ಮ ಸೆರಗಿನಲ್ಲಿ ಬಾಯಿ ಒತ್ತಿಕೊಂಡು ನೋಡಿದಳು. ಈ ರಾಗಿಗೆ ಅವಳೇ ಕಣದಲ್ಲಿ ನಿಂತು ಮೊರ ಹಿಡಿದಿದ್ದಳು.

"ಕರೀದು ಬಿಸಾಕು. ಕಾಳಿರೋದ್ನ ತೊಳ್ದು ಒಲೆ ಮುಂದೆ ಚಾಪೆಗೆ ಹರಡು," ಎಂದ ಪುಟ್ಟಬಸಪ್ಪ.

"ಯಾಕೆ?"

"ಯಾಕೆ ಅಂದ್ರೆ? ತೆನೆ ಕೊಯ್ಯಾಕೆ ಆಳು ಬತ್ತಾ ಇಲ್ವಾ? ಕೂಲಿಗೆ ಅಳ್ಯಾಕೆ."

ಗುರುಬಸಮ್ಮ ಮಂಕರಿಯಿಂದ ಹಿಂದೆ ಸರಿದಳು. ಆ ಮನೆಯಲ್ಲಿ ಕೂಲಿಯ ರಾಗಿ ಅಳೆಯುವವಳು ಅವಳು. ಮದುವೆಯಾಗಿ ಬಂದಾಗಿನಿಂದ ಆ ಸೇರು ಅವಳ ಕೈಯಲ್ಲೇ ಇತ್ತು. ಪುಟ್ಟಬಸಪ್ಪ ಅದನ್ನು ಮುಟ್ಟಿದವನಲ್ಲ.

"ಇದ್ನ ನಾನು ಅಳ್ಯಾಕಿಲ್ಲ. ತಿಪ್ಪೆ ನೀರು ಕುಡ್ದಿರೋ ರಾಗಿ ಕಣ್ರಿ ಇದು."

"ಸಗಣಿ ಏನು ಮೈಲಿಗೇನಾ? ಅದ್ರಲ್ಲೇ ನೆಲ ಸಾರ್ಸಕಿಲ್ವಾ ನೀನು? ಈಬತ್ತಿ ಮಾಡಾದೂ ಅದ್ರಲ್ಲೇಯ."

"ಈಬತ್ತಿ ಹಣೆಗೆ ಇಕ್ಕತರೆ. ಉಣ್ಣಕಿಲ್ಲ."

"ಒಂದಿಷ್ಟು ವಾಡೆ ರಾಗಿ ಬೆರ್ಸು, ಗೊತ್ತಾಗಕಿಲ್ಲ."

ವಾಡೆ ಎಂದರೆ ಅಡುಗೆಮನೆಯ ಮೂಲೆಯಲ್ಲಿದ್ದ ಆಳೆತ್ತರದ ಮಣ್ಣಿನ ಗುಡಾಣ. ಯುಗಾದಿಯವರೆಗೆ ಮನೆಯವರು ಉಣ್ಣಬೇಕಾದ ರಾಗಿ ಅದರಲ್ಲಿತ್ತು. ಗುಡಿಯ ಮುಂದಿನ ಹಗೇವು ಲೆವಿಗೇ ಬರಿದಾಗಿತ್ತು.

ಮಾತಿಗೆ ಬಗ್ಗುವ ಮನುಷ್ಯನಲ್ಲ ಎಂದು ಅವಳಿಗೆ ಗೊತ್ತಿತ್ತು. ತೊಳೆದು ಒಣಗಿಸಿದ ಆ ರಾಗಿಯಲ್ಲೇ ಹಿಡಿಯಷ್ಟು ಬೀಸಿ, ಹಿಟ್ಟು ತೊಳಸಿ, ರಾತ್ರಿ ಗಂಡನ ತಟ್ಟೆಗೆ ಮುದ್ದೆ ಇಟ್ಟಳು. ಎಸರು ಕುದಿಯುವಾಗಲೇ ಮನೆ ತುಂಬ ಕೊಳೆತ ನಾತ ಎದ್ದಿತ್ತು. ಅವನು ಉಗುಳುತ್ತಾನೆ, ಉಗುಳಿದವನು ಇನ್ನೊಬ್ಬರಿಗೆ ಕೊಡು ಎನ್ನಲಾರ ಎಂಬುದು ಅವಳ ಎಣಿಕೆ.

ಪುಟ್ಟಬಸಪ್ಪ ಮುದ್ದೆಯನ್ನು ನೋಡಿದ, ಹೆಂಡತಿಯ ಮುಖ ನೋಡಿದ. ಅರ್ಥವಾಯಿತು. ಮುದ್ದೆಯನ್ನು ಯಾರೂ ಅಗಿಯುವುದಿಲ್ಲ, ನುಂಗುತ್ತಾರೆ. ಅವನು ಉಸಿರು ಹಿಡಿದು, ತುತ್ತು ಮುರಿದು ಹುರುಳಿ ಸಾರಿಗೆ ಅದ್ದಿ ಅದ್ದಿ ಗುಳುಕ್ ಗುಳುಕ್ ಎಂದು ಇಳಿಸಿದ. ಗಂಟಲ ಗಂಟು ಮೇಲೆ ಕೆಳಗೆ ಆಡುತ್ತಿತ್ತು. ಕೊನೆಯ ತುತ್ತಿನಲ್ಲಿ ತಟ್ಟೆ ಸವರಿ ಬಾಯಿಗಿಟ್ಟು, "ಏನಾಗಿದ್ದದು ಇದ್ಕೆ? ಚೆಂದಾಗದೆ," ಎಂದು ಎದ್ದ.

ಅವನ ಮೀಸೆಯ ತುದಿಯಲ್ಲಿ ಹಿಟ್ಟು ಅಂಟಿತ್ತು. ಗುರುಬಸಮ್ಮ ಆ ತಟ್ಟೆಯನ್ನು ಕೈಯಲ್ಲಿ ಮುಟ್ಟಲಾರದೆ, ಕಡ್ಡಿಯಿಂದ ತಳ್ಳಿಕೊಂಡು ಹೋಗಿ ಬಚ್ಚಲಿಗೆ ಹಾಕಿದಳು. ತಾನು ಇಷ್ಟು ವರ್ಷ ಜೊತೆಗೆ ಬಾಳಿದ ಗಂಡಸು ಇದನ್ನೂ ನುಂಗಬಲ್ಲ ಎಂಬುದು ಅವಳಿಗೆ ರಾಗಿಗಿಂತ ಹೆಚ್ಚು ಹೇಸಿಗೆಯೆನಿಸಿತು.

ಮಾರನೆಯ ದಿನ ಸಂಜೆ ಕೂಲಿ ಹೆಂಗಸರು ಬಂದರು. ತಲೆಗೆ ಗೋಣಿಚೀಲದ ಕೊಪ್ಪೆ, ಮಂಡಿಯವರೆಗೆ ಕೆಸರು, ನೀರಿನಲ್ಲಿ ನೆನೆದು ಬೆಳ್ಳಗೆ ಸುಕ್ಕಿದ ಬೆರಳು. ಕೆಸರಿನಲ್ಲಿ ಮಲಗಿದ ತೆನೆಗಳನ್ನು ಒಂದೊಂದಾಗಿ ಆಯ್ದು ಬಂದಿದ್ದರು. ಪುಟ್ಟಬಸಪ್ಪ ಜಗಲಿಯ ಕಂಬಕ್ಕೆ ಒರಗಿ ನಿಂತ. ಮುತ್ತಯ್ಯ ಹಗೇವಿನ ರಾಗಿಯ ಮಂಕರಿಯನ್ನು ಗುರುಬಸಮ್ಮನ ಮುಂದೆ ಇಟ್ಟು, ಅವಳ ಮುಖ ನೋಡದೆ ಹಿಂದೆ ಸರಿದ.

ಮೊದಲು ಬಂದವಳು ಚಿಕ್ಕನಿಂಗಮ್ಮ. ಆಳುಗಳಲ್ಲೆಲ್ಲ ಹಿರಿಯಳು, ಬಾಯಿ ಜೋರು. ಮಡಿಲು ಒಡ್ಡಿದಳು.

ಗುರುಬಸಮ್ಮ ಸೇರನ್ನು ಮಂಕರಿಗೆ ಅದ್ದಿದಳು, ಎತ್ತಲಿಲ್ಲ.

"ನಿಂಗಮ್ಮ, ಇದು ಹಿತ್ತಲ ಹಗೇವಿಂದು. ತಿಪ್ಪೆ ನೀರು ಇಳ್ದದೆ."

ಪುಟ್ಟಬಸಪ್ಪ ಕೆಮ್ಮಿದ.

"ಗೊತ್ತು ಕಣವ್ವಾ," ಎಂದಳು ಚಿಕ್ಕನಿಂಗಮ್ಮ. "ಊರಿಗೆಲ್ಲ ನಾತವೇ ಸಾರ್ಯದಲ್ಲ. ಅಳೀರಿ, ಕತ್ಲಾಯ್ತದೆ."

ಹಿಂದಿನಿಂದ ರಾಚಮ್ಮ ಎಂಬ ಎಳೆಯ ಹೆಂಗಸು, "ನಮ್ ತಿಪ್ಪೆ ಆದ್ರೆ ನಾತ, ದೊಡ್ಡೋರ ತಿಪ್ಪೆ ಆದ್ರೆ ಒಗ್ಗರಣೆ ಘಮ ಕಣಕ್ಕಾ," ಎಂದಳು. ಹೆಂಗಸರು ನಕ್ಕರು.

"ಯಾವ ಹಗೇವು? ಯಾರೇಳ್ದೋರು?" ಎಂದ ಪುಟ್ಟಬಸಪ್ಪ, ಧ್ವನಿ ಏರಿಸಿ.

ಚಿಕ್ಕನಿಂಗಮ್ಮ ಅವನತ್ತ ತಿರುಗಿದಳು. "ಯಾರಾರ ಏಳ್ಬೇಕಾ ಬುದ್ಧಿ? ರಾತ್ರೋರಾತ್ರಿ ತಿಪ್ಪೆಗೆ ಕಾಲ್ ಬಂದು ನಡ್ಕ ಓಯ್ತಾ? ಸಲಾಕೆ ಇಡ್ಕಂಡ್ ಬಂದೋರು ನನ್ನೇ ಕೇಳುದ್ರು. ನಂಗೊತ್ತಿಲ್ಲ ಸಾ ಅಂದೆ."

ಪುಟ್ಟಬಸಪ್ಪ ಕಂಬ ಬಿಟ್ಟು ನೆಟ್ಟಗೆ ನಿಂತ.

"ಯಾಕಂದೆ?" ಎಂದು ಕೇಳಿದವಳು ಗುರುಬಸಮ್ಮ.

"ಯಾಕಂದ್ರೆ, ಅವ್ರು ಗಾಡಿಗ್ ತುಂಬ್ಕ ಓದ್ರೆ ನಮ್ಗೇನ್ ಬಂತು? ಇಲ್ಲೇ ಇದ್ರೆ, ಬೆಳೆ ಕೆಟ್ಟ ಕಾಲ್ದಲ್ಲಿ ನಮ್ ಮಡ್ಲಿಗೆ ತಾನೆ ಅಳೀತೀರಿ. ಅದ್ಕೇ ಹಟ್ಟಿಗ್ ಹಟ್ಟಿನೇ ಬಾಯ್ ಮುಚ್ಕಂಡಿದ್ವಿ." ನಿಂಗಮ್ಮ ಮಂಕರಿಯತ್ತ ನೋಡಿದಳು. ನಗು ಅಲ್ಲಿಗೆ ನಿಂತಿತು. "ಅಳೀರಿ ಅವ್ವಾ. ಬೂದಿ ಹಾಕಿ ತೊಳ್ಕತೀವಿ. ಹೈಕಳು ಬೆಳಗಿಂದ ಏನೂ ತಿಂದಿಲ್ಲ."

ಅವಳ ಒಡ್ಡಿದ ಮಡಿಲು ಹಾಗೇ ಇತ್ತು. ಒದ್ದೆ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಗುರುಬಸಮ್ಮ ಸೇರನ್ನು ಮಂಕರಿಯಲ್ಲೇ ಬಿಟ್ಟು ಕೈ ಎತ್ತಿದಳು. ಬೆರಳ ಸಂದಿಯಲ್ಲಿ ಕಾಳುಗಳು ಮೆತ್ತಿಕೊಂಡಿದ್ದವು. ಸೀರೆಗೆ ಒರೆಸಿಕೊಳ್ಳಲು ಹೋಗಿ, ಅಸಹ್ಯವಾಗಿ, ಗೋಡೆಗೆ ತಿಕ್ಕಿದಳು.

"ಮುತ್ತಯ್ಯ, ಇದ್ನ ಎತ್ತಿ ಒಲೆ ಮುಂದಕ್ಕಿಡು. ಹೊಸ ಮಂಕರಿ ತಕಂಡು ವಾಡೆ ತಾವ್ಕೆ ಬಾ."

"ಲೇ, ವಾಡೆ ಮುಟ್ಟಬ್ಯಾಡ!" ಎಂದ ಪುಟ್ಟಬಸಪ್ಪ.

ಅವಳು ಒಳಗೆ ಹೋಗಿ ವಾಡೆಯ ಬುಡದ ಬಿರಡೆ ಕಿತ್ತಳು. ಒಣ ರಾಗಿ ಸರಸರ ಎಂದು ಮಂಕರಿಗೆ ಸುರಿಯಿತು. ತಿಂಗಳಿಂದ ಆ ಮನೆಯಲ್ಲಿ ಅವಳು ಕೇಳಿದ ಒಣಗಿದ ಸದ್ದು ಅದೊಂದೇ. ಬೇರೆ ಸೇರು ತಂದು ಕೂತಳು. ಪುಟ್ಟಬಸಪ್ಪ ಎರಡು ಹೆಜ್ಜೆ ಮುಂದೆ ಬಂದ. ಹೆಂಗಸರು ಯಾರೂ ಜಾಗ ಬಿಡಲಿಲ್ಲ. ಬೇಸಿಗೆಯಿಂದ ತನ್ನ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದ ಆ ಮುಖಗಳ ಮುಂದೆ ಅವನಿಗೆ ಕೂಗಾಡಲು ಆಗಲಿಲ್ಲ. ನಿಂತಲ್ಲೇ ನಿಂತ.

ಗುರುಬಸಮ್ಮ ಸೇರಿನ ಮೇಲೆ ರಾಶಿ ನಿಲ್ಲುವಂತೆ ತಲೆಕಟ್ಟಿ ಅಳೆದಳು. ಕೊನೆಯವಳಾದ ರಾಚಮ್ಮನಿಗೆ ಅಳೆದು ಮುಗಿದಾಗ ಹೊರಗೆ ಮತ್ತೆ ಜಿಟಿಜಿಟಿ ಹಿಡಿದಿತ್ತು. ಹೆಂಗಸರು ಮಡಿಲಿನ ಮೇಲೆ ಗೋಣಿ ಕವುಚಿಕೊಂಡು, ತಲೆ ನೆನೆಯಲು ಬಿಟ್ಟು ಓಡಿದರು.

"ಮನೆ ಹಾಳ್ಮಾಡ್ದೆ," ಎಂದ ಪುಟ್ಟಬಸಪ್ಪ ಅವರು ಮರೆಯಾದ ಮೇಲೆ. "ಇನ್ನ ಯುಗಾದಿಗಂಟ ಏನ್ ತಿನ್ನಾದು?"

"ವಾಡೇಲಿ ಉಳ್ದಿರಾದು ನಂಗೂ ಮುತ್ತಯ್ಯಂಗೂ ಆಯ್ತದೆ," ಎಂದಳು ಗುರುಬಸಮ್ಮ. "ನಿಮ್ದು ಒಲೆ ಮುಂದೆ ಅದೆ."

ಅವಳು ಬಚ್ಚಲಿಗೆ ಹೋಗಿ ಬೂದಿ ಹಾಕಿಕೊಂಡು ಕೈ ಉಜ್ಜತೊಡಗಿದಳು. ಪುಟ್ಟಬಸಪ್ಪ ಬಹಳ ಹೊತ್ತು ಒಲೆಯ ಮುಂದೆ ಆ ಮಂಕರಿಯ ಎದುರಿಗೆ ಕೂತಿದ್ದ. ಆಮೇಲೆ ಒಂದು ಹಿಡಿ ಎತ್ತಿ ಮೂಗಿಗೆ ಹಿಡಿದ. ತಟ್ಟನೆ ಮುಖ ತಿರುಗಿಸಿದ. ಕೈ ಝಾಡಿಸಿ ಎದ್ದು, ಕಂಬಳಿ ತಲೆಗೆಳೆದುಕೊಂಡು, ತಿಪ್ಪೆಗೆ ಸುರಿಯಲು ಮಂಕರಿಯ ಒಂದು ಬದಿ ಹಿಡಿ ಎಂದು ಮುತ್ತಯ್ಯನನ್ನು ಕರೆದ.