ಶನಿವಾರ ಸೇರಿದ ಮೇಷ್ಟ್ರು

ಎರಡು ನೇಮಕಾತಿ ಆದೇಶಗಳೂ ಒಂದೇ ದಿನ ಕೈಸೇರಿದವು. 2006ರ ಯುಗಾದಿಯ ಹಿಂದಿನ ದಿನ. ಇಬ್ಬರಿಗೂ ಕೆ.ಆರ್. ಪುರದ ಕಡೆಯ ಒಂದೇ ಸರ್ಕಾರಿ ಶಾಲೆ. ಶಿವಾಜಿನಗರದ ಮೆಹರುನ್ನೀಸಾ ಅಂದೇ ಬಸ್ಸು ಹತ್ತಿ ಹೋಗಿ ಕೆಲಸಕ್ಕೆ ಸೇರಿಬಿಟ್ಟಳು. ಕೊಪ್ಪಳದಿಂದ ಬಂದು ರಾಮಮೂರ್ತಿ ನಗರದಲ್ಲಿ ಬಾಡಿಗೆಗಿದ್ದ ಬಸವಪ್ರಭುವೂ ಚಪ್ಪಲಿ ಮೆಟ್ಟಿದ್ದ. ಮನೆ ಒಡತಿ ರಾಮಲಕ್ಷ್ಮಮ್ಮ ಗೇಟಿಗೆ ಅಡ್ಡ ನಿಂತರು.

"ಅಮಾವಾಸ್ಯೆ ಕಣಪ್ಪಾ ಇವತ್ತು! ಜೀವಮಾನದ ಕೆಲಸಕ್ಕೆ ಇವತ್ತು ಯಾರಾದ್ರೂ ಹೋಗ್ತಾರಾ?"

"ನಮ್ ಕಡೆ ಅಮಾಸಿ ದಿನಾನ ಗಾಡಿ ಪೂಜಿ ಮಾಡ್ತೇವ್ರಿ ಅಮ್ಮಾರ."

"ನೀನೇನ್ ಗಾಡಿನಾ? ನಾಳೆ ಹಬ್ಬ. ನಾಡಿದ್ದು ಹೊಸ್ತೊಡಕು. ಅವತ್ತು ಹೆಡ್‌ಮಾಸ್ಟ್ರು ಒಂದ್ ಮಾತು ಬೈದ್ರೆ ವರ್ಷವೆಲ್ಲಾ ಬೈಸ್ಕೋಬೇಕು. ಶನಿವಾರ ಹೋಗು, ಹನುಮಂತರಾಯನ ದಿನ."

ಹೆಂಡತಿ ವಿಮಲಾಕ್ಷಿಯೂ ಒಳಗಿನಿಂದ ಕೂಗಿದಳು. "ಹಿರ್ಯಾರು ಹೇಳಾಕತ್ತಾರ, ಕೇಳ್ರಿ. ಸೇರಾಕ ಇನ್ನೂ ಟೈಮ್ ಐತಲ್ಲ."

ಅವನು ಚಪ್ಪಲಿ ಬಿಟ್ಟ.

ಶನಿವಾರ ಏಪ್ರಿಲ್ ಒಂದು. ಅಂದಿನಿಂದ ಸೇರುವವರಿಗೆ ಹಳೆಯ ಪಿಂಚಣಿ ಇಲ್ಲವೆಂದು ಸರ್ಕಾರ ಆ ವಾರವೇ ತೀರ್ಮಾನಿಸಿತ್ತು. ಶಾಲೆಗೆ ಸುದ್ದಿ ಮುಟ್ಟಿದ್ದು ಬೇಸಿಗೆ ರಜೆ ಕಳೆದ ಮೇಲೆ. ಬಸವಪ್ರಭು ನಕ್ಕುಬಿಟ್ಟ. "ಏಪ್ರಿಲ್ ಫೂಲ್ ಆದೆ ನೋಡ್ರಿ. ಇರ್ಲಿ, ನಾ ರಿಟೈರ್ ಆಗೂದ್ರಾಗ ಸರ್ಕಾರಕ್ಕ ಬುದ್ಧಿ ಬರ್ತೈತಿ."

ಮೂರನೆಯ ವರ್ಷ, ಶಾಲೆ ಬಿಟ್ಟ ಮಕ್ಕಳನ್ನು ಹುಡುಕಿಕೊಂಡು ದೊಡ್ಡನೆಕ್ಕುಂದಿಯ ಕೂಲಿಕಾರರ ಶೆಡ್ಡುಗಳಿಗೆ ಹೋಗಿ ಬರುತ್ತಿದ್ದವನಿಗೆ ನೀರಿನ ಟ್ಯಾಂಕರ್ ಗುದ್ದಿತು. ಆಸ್ಪತ್ರೆ ಮುಟ್ಟಲಿಲ್ಲ.

ಕುಟುಂಬ ಪಿಂಚಣಿ ಕೇಳಲು ವಿಮಲಾಕ್ಷಿ ಕಚೇರಿಗೆ ಹೋದಾಗ ಮೆಹರುನ್ನೀಸಾ, ರಾಮಲಕ್ಷ್ಮಮ್ಮ ಇಬ್ಬರೂ ಜೊತೆಗಿದ್ದರು. ಗುಮಾಸ್ತ ಕೆಂಪರಾಜ್ ಕೆಟ್ಟವನಲ್ಲ, ಮೂವರಿಗೂ ಕುರ್ಚಿ ಹಾಕಿಸಿದ. ಆಮೇಲೆ ಹೇಳಿದ, "ಆ ಏಪ್ರಿಲ್ ಒಂದರಿಂದ ಸೇರಿದೋರಿಗೆ ಇದೂ ಇಲ್ಲಮ್ಮ. ಅನುಕಂಪದ ಕೆಲಸಕ್ಕೆ ಅರ್ಜಿ ಹಾಕಿ, ಬಂದಾಗ ಬಂತು."

"ತಪ್ಪು ನಂದು ಸ್ವಾಮಿ," ರಾಮಲಕ್ಷ್ಮಮ್ಮ ಎದ್ದು ನಿಂತರು. "ಹೊರಟಿದ್ದೋನ್ನ ಅಮಾವಾಸ್ಯೆ ಅಂತ ತಡೆದೋಳು ನಾನು. ಹಂಗಂತ ಬರ್ಕೊಂಡು ಈ ಹುಡುಗೀಗೆ ಕೊಡ್ಸಿ."

"ಅಮಾವಾಸ್ಯೆಗೆಲ್ಲ ರೂಲ್ಸಲ್ಲಿ ಜಾಗ ಇಲ್ಲಮ್ಮ."

ಮೆಹರುನ್ನೀಸಾಗೆ ತಡೆಯಲಾಗಲಿಲ್ಲ. "ಸಾರ್, ನಾವಿಬ್ರೂ ಅಕ್ಕಪಕ್ಕದ ಕ್ಲಾಸು. ಅದೇ ಪಾಠ, ಅದೇ ಎಲೆಕ್ಷನ್ ಡ್ಯೂಟಿ, ಸೋರೋದೂ ಅದೇ ಛಾವಣಿ. ಇವತ್ತು ನಾನು ಸತ್ರೆ ನಮ್ಮನೆಯವ್ರಿಗೆ ಬರುತ್ತೆ, ಇವಳಿಗೆ ಯಾಕಿಲ್ಲ?"

"ನನ್ನ ಕೇಳ್ತೀರಲ್ಲ ಮೇಡಂ. ನಾನೂ ಹೊಸಬನೇ, ನಂಗೂ ಇಲ್ಲ."

ಹೊರಗೆ ಬಂದು ರಾಮಲಕ್ಷ್ಮಮ್ಮ ಅಳತೊಡಗಿದಾಗ ವಿಮಲಾಕ್ಷಿ ಸೆರಗಿನಿಂದ ಅವರ ಮುಖ ಒರೆಸಿ, "ನಾನೂ ಹೇಳಿದ್ನಲ್ರಿ, ಕೇಳ್ರಿ ಅಂತ," ಎಂದಳು.

ಅನುಕಂಪದ ಕೆಲಸ ಬರಲಿಲ್ಲ. ಹೆಡ್‌ಮಾಸ್ಟರ್ ಅಪ್ಪಣ್ಣ ಕರುಣೆಯಿಂದ ಅದೇ ಶಾಲೆಯಲ್ಲಿ ಬಿಸಿಯೂಟದ ಕೆಲಸ ಕೊಡಿಸಿದರು. ಗಂಡನ ತರಗತಿಯ ಮಕ್ಕಳು ಅವಳ ಮುಂದೆ ತಟ್ಟೆ ಹಿಡಿದು "ಮಿಸ್, ಇನ್ನೊಂಚೂರು" ಎನ್ನುತ್ತಿದ್ದರು. ಮಿಸ್ ಅಲ್ಲ ಎಂದು ಅವಳು ಮೊದಮೊದಲು ತಿದ್ದುತ್ತಿದ್ದಳು.

ಹಳೆಯ ಪಿಂಚಣಿಗಾಗಿ ಶಿಕ್ಷಕರು ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂರುವ ಹಿಂದಿನ ದಿನ ಮೆಹರುನ್ನೀಸಾ ಅಡುಗೆ ಕೋಣೆಗೆ ಬಂದಳು. "ನಾನ್ ಹೋಗ್ತಿರೋದೇ ನಿನಗೋಸ್ಕರ. ನೀನೂ ಬಾ ವಿಮಲಾ. ಮೈಕ್ ಮುಂದೆ ಎರಡು ಮಾತಾಡು."

"ನೀವು ರಜಾ ಹಾಕಿದ್ರ ಪಗಾರ ಬರ್ತೈತ್ರಿ. ನಂಗ ಬರಂಗಿಲ್ಲ. ಮತ್ತ ಹುಡುಗ್ರಿಗೆ ಅನ್ನ ಯಾರು ಬಡಸ್ತಾರ?"

ಹೀಗಾಗಿ ಹೋದವರು ರಾಮಲಕ್ಷ್ಮಮ್ಮ. ಚಾಪೆ, ನೀರಿನ ಬಾಟಲಿ ಸಮೇತ ಶಿಕ್ಷಕರ ನಡುವೆ ಕೂತರು.

"ಅಜ್ಜಿ, ನೀವು ಯಾವ ಸ್ಕೂಲು?" ಪೊಲೀಸಿನವನೊಬ್ಬ ಕೀಟಲೆ ಮಾಡಿದ.

"ಸ್ಕೂಲ್ ಮೆಟ್ಲೇ ಹತ್ತಿಲ್ಲ ಕಣಪ್ಪಾ. ಮೇಷ್ಟ್ರು ಸತ್ತವ್ನೆ, ಹೆಂಡ್ತಿಗೆ ಬಿಡುವಿಲ್ಲ."

ಮಧ್ಯಾಹ್ನವೆಲ್ಲ ಘೋಷಣೆ, ಬಿಸಿಲು, ಭಾಷಣ. ಸಂಜೆ ಯಾರೋ ಅಧಿಕಾರಿ ಕಾರಿಂದ ಇಳಿದು ಮನವಿಪತ್ರ ಇಸಿದುಕೊಂಡು ಹೋದರು. ಚಪ್ಪಾಳೆಯಾಯಿತು. ಎಲ್ಲರೂ ಬಟ್ಟೆ ಕೊಡವಿಕೊಂಡು, ಬಸ್ಸಿಗೆ ಹೊತ್ತಾಯಿತೆಂದು ಎದ್ದರು.

ರಾಮಲಕ್ಷ್ಮಮ್ಮ ಏಳಲಿಲ್ಲ. "ಎಲ್ರೂ ಹೊರಟ್ರಲ್ಲ, ಕೊಟ್ರಾ?"

"ಮನವಿ ತಗೊಂಡ್ರು ಅಮ್ಮ," ಎಂದಳು ಮೆಹರುನ್ನೀಸಾ.

"ತಗೊಂಡಿದ್ದು ನಾನೂ ನೋಡ್ದೆ ಕಣಮ್ಮಾ. ಕೊಟ್ರಾ ಅಂತ ಕೇಳ್ದೆ."