ಟೀಚರ ಬೇಳೆ ಕಚ್ಚಿ ನೋಡಿದವಳು

ಸಿಮ್ರಾನ್ ಮಾಡಿದ್ದು ಇಷ್ಟೇ. ಊಟದ ಬಿಡುವಿನಲ್ಲಿ ಮನಿಷಾ ಟೀಚರ ಮೇಜಿನ ಮೇಲಿದ್ದ ಚೀಲಕ್ಕೆ ಕೈ ಹಾಕಿ, ಒಂದು ಹಿಡಿ ತೊಗರಿಬೇಳೆ ತೆಗೆದು, ಹಲ್ಲಿನಲ್ಲಿ ಕಚ್ಚಿ, ಹೆಡ್‌ಮಾಸ್ತರರ ಎದುರಿಗೇ ಹೇಳಿಬಿಟ್ಟಳು: "ಟೀಚರ್, ಹಳೇ ಮಾಲ್ ಅದರಿ. ನಿಮಗ ಟೋಪಿ ಹಾಕ್ಯಾರ!"

ಮಕ್ಕಳು ಬಿದ್ದು ಬಿದ್ದು ನಕ್ಕರು. ಟೀಚರು ಮರುದಿನದ ಬಸವಕಲ್ಯಾಣ ಕೋಟೆ ಪ್ರವಾಸದ ಪಟ್ಟಿಯಿಂದ ಅವಳ ಹೆಸರು ಹೊಡೆದುಹಾಕಿದರು.

ಎಂಟು ವರ್ಷದ ಹುಡುಗಿ ಮನೆಗೆ ಬಂದು ಗೋಡೆಗೆ ಮುಖ ಮಾಡಿ ಕೂತಳು. ರೊಟ್ಟಿ ಬೇಡ, ಚಹಾ ಬೇಡ. ಅಪ್ಪ ಅಮ್ಮ ಇಬ್ಬರೂ ಕಾರ್ಖಾನೆಯ ಪಾಳಿಯಲ್ಲಿದ್ದರು. ಪರಿಚಿತರು ಎದುರಾದರೆ ರಸ್ತೆಯ ಆಚೆ ಬದಿಗೆ ಸರಿಯುವ ಸೋದರತ್ತೆ ಅತಿಯಾ, ಅಂದು ದುಪಟ್ಟಾ ಹೊದ್ದು ಸೋದರಸೊಸೆಯ ಕೈ ಹಿಡಿದು ಹೊರಟಳು.

"ಫುಪ್ಪು, ನಾ ಖರೇನ ಹೇಳೀನಿ ಅಲ್ಲ?"

"ಖರೇನ ಹೇಳೀದಿ, ನನ್ನವ್ವ. ಆದ್ರ ಯಾರೂ ಕೇಳಿದ್ದಿಲ್ಲ."

ಟೀಚರು ಬಸ್ಸಿಗೆಂದು ಹೊರಟು ಶಾಲೆಯ ವರಾಂಡದಲ್ಲಿದ್ದರು. ಸಿಮ್ರಾನಳನ್ನು ಬಾಗಿಲ ಬಳಿ ನಿಲ್ಲಿಸಿ ಅತಿಯಾ ಮುಂದೆ ಹೋದಳು. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತು ಅರ್ಧ ಅಲ್ಲೇ ಉದುರಿತು.

"ಇಕಿ ದಾದಾ, ನಮ್ಮಪ್ಪ, ಗಂಜ್ ಬಜಾರದಾಗ ಕಾಳಿನ ಮಾಲ್ ನೋಡ್ತಾರ್ರಿ. ಅಲ್ಲಿ ಕೈ ಹಾಕಿ ಕಚ್ಚಿ ನೋಡ್ಲಿಲ್ಲಂದ್ರನ ಮಂದಿ ಬ್ಯಾಸರ ಮಾಡ್ಕೋತಾರ. ಎಲ್ಲಾ ಚೀಲಾನೂ ಹಂಗೇ ಅನ್ಕೊಂಡಾಳ್ರಿ."

ಟೀಚರ ಮುಖ ಸಡಿಲಾಯಿತು, ಮನಸ್ಸು ಆಗಲಿಲ್ಲ. "ಬ್ಯಾಳಿ ಹೋಗ್ಲಿ ಬಿಡ್ರಿ. ನಾ ಕೇಳೂದ್ರಾಗ ಜವಾಬು ಒದರ್ತಾಳ, ನಿಲ್ಲು ಅನ್ನೂದ್ರಾಗ ಓಡ್ತಾಳ. ನೋಡ್ರಿ, ಈಗೂ ಜಿಗದಾಡಾಕತ್ತಾಳ. ಕೋಟಿ ಗ್ವಾಡಿ ಮ್ಯಾಲಿಂದ ಬಿದ್ರ?"

"ಹೌದ್ರಿ," ಎಂದಳು ಅತಿಯಾ. ಇಲ್ಲ ಎನ್ನಲು ಅವಳಿಗೆ ಬರಲಿಲ್ಲ. ಬೇರೆ ದಾರಿ ಕಾಣದೆ, ಟೀಚರ ಕೈಯನ್ನು ತನ್ನ ದುಪಟ್ಟಾದ ಕೆಳಗೆಳೆದು ಬೆರಳು ಒತ್ತಿದಳು.

ಮೊದಲು ಗಂಜಿನಲ್ಲಿ ದರವನ್ನು ಬಾಯಿಂದ ಹೇಳುತ್ತಿರಲಿಲ್ಲ. ಟವೆಲ್ಲಿನ ಕೆಳಗೆ ಹೀಗೆ ಬೆರಳು ಒತ್ತಿ ತಿಳಿಸುತ್ತಿದ್ದರು. ಈಗ ದರ ಮೊಬೈಲಿಗೇ ಬರುತ್ತದೆ. ಅಜ್ಜ ಮೊಹಿನುದ್ದೀನ್ ಮಾತ್ರ ಮೊಮ್ಮಗಳ ಜೊತೆ ಮನೆಯಲ್ಲಿ ಅದನ್ನೇ ಆಟವಾಗಿ ಆಡುತ್ತಾನೆ.

"ಇದು ಇಕಿ ದಾದಾನ ಜೋಡಿ ಆಡೂ ಬೆರಳಾಟರಿ," ಎಂದಳು ಅತಿಯಾ. "ಇದ್ರಾಗ ಬಾಯಿ ಬಿಟ್ಟವರು ಸೋತಂಗರಿ. ಇಕಿ ಒಮ್ಮೆನೂ ಸೋತಿಲ್ಲ."

ಮನಿಷಾ ಟೀಚರು ಸಿಮ್ರಾನಳನ್ನು ಕರೆದು ಸೆರಗಿನ ಕೆಳಗೆ ಕೈ ಚಾಚಿದರು. "ಹೌದಂದ್ರ ಒಂದ್ ಬೆರಳು, ಇಲ್ಲಂದ್ರ ಎರಡು. ನಾಳಿ ಕೋಟ್ಯಾಗ ಓಡ್ತಿ?"

ಹುಡುಗಿಯ ಕೆನ್ನೆಗಳು ಉಬ್ಬಿದವು. ಮಾತು ಹಲ್ಲಿನ ಹಿಂದೆ ಬಂದು ನಿಂತಿತು. ಎರಡು ಒತ್ತು, ನನ್ನವ್ವ, ಎರಡು, ಎಂದು ಅತಿಯಾ ಒಳಗೊಳಗೇ ಬೇಡಿಕೊಂಡಳು.

ಟೀಚರಿಗೆ ನಗು ತಡೆಯಲಾಗಲಿಲ್ಲ. "ಒಂದೇ ಒತ್ತ್ಯಾಳ್ರಿ ಇಕಿ! ಖರೇನ ಓಡಾಕಿ!"

ಆದರೆ ಹಿಡಿದ ಕೈ ಬಿಡಲಿಲ್ಲ. ಇನ್ನೊಂದು ಕೈಯಿಂದ ಚೀಲದಲ್ಲಿದ್ದ ಪಟ್ಟಿ ಹುಡುಕಿದರು. "ಏಳೂವರಿಗೆ ಬಸ್. ದಿನ ಪೂರ್ತಿ ಹಿಂಗೇ ನನ್ನ ಕೈಯಾಗ ಇರಬೇಕು. ತಿಳೀತೇನು?"

ಸಿಮ್ರಾನ್ ತುಟಿ ಬಿಚ್ಚಲಿಲ್ಲ. ಸೆರಗು ಒಮ್ಮೆ ಅಲುಗಿತು.